ಲೂಪೆ: ಬಂಧಿಸುವ ಶೋಕ, ಬಿಡಿಸುವ ಶೋಕ

ತಪ್ಪು ಮಾಡಿದವನು ಅದಕ್ಕಾಗಿ ಶೋಕಿಸಬೇಕೆ? ಶೋಕಿಸಿದರೆ ಎಷ್ಟರವರೆಗೆ? ಆ ಶೋಕದಿಂದ ಅವನ ಜೀವ ಹಗುರವಾಗುವುದೋ, ಇನ್ನಷ್ಟು ಭಾರವಾಗುವುದೋ? ಎಲ್ಲ ಧರ್ಮಗಳೂ ಒಂದಲ್ಲ ಒಂದು ಬಗೆಯಲ್ಲಿ ಎದುರಿಸಿದ ಈ ಪ್ರಶ್ನೆಗಳಿಗೆ ಮೆಡಿಟರೇನಿಯನ್ ಕರಾವಳಿಯ ಪ್ರಾಚೀನರು ಕೊಟ್ಟ ಉತ್ತರಗಳೆಲ್ಲ ಒಂದು ಗ್ರೀಕ್ ಪದವನ್ನು ಸುತ್ತುವರಿದಿವೆ. ಆ ಪದವೇ 'ಲೂಪೆ'. ಕನ್ನಡದಲ್ಲಿ ಅದನ್ನು ದುಃಖ, ವ್ಯಥೆ, ಶೋಕ, ವಿಷಾದ ಎಂದು ಸಂದರ್ಭಕ್ಕೆ ತಕ್ಕಂತೆ ಹೇಳಬಹುದು. ಆದರೆ ಯಾವ ಒಂದು ಪದವೂ ಅದರ ಪೂರ್ಣ ಭಾರವನ್ನು ಹೊರಲಾರದು. ಕ್ರೈಸ್ತ ಧರ್ಮವು ದುಃಖವನ್ನೇ ಪುಣ್ಯವೆಂದು ಎತ್ತಿಹಿಡಿದ ಧರ್ಮವೆಂಬ ಅಭಿಪ್ರಾಯವೊಂದು ವಿದ್ಯಾವಂತರಲ್ಲಿಯೂ ಬೇರೂರಿದೆ. ಈ ಪದದ ಚರಿತ್ರೆಯನ್ನು ಮೂಲದಿಂದ ಅನುಸರಿಸಿದಾಗ ಆ ಅಭಿಪ್ರಾಯವು ನಿಲ್ಲುವುದಿಲ್ಲ. ಆ ಧರ್ಮದ ಆದಿಗ್ರಂಥಗಳು ದುಃಖವನ್ನು ಹೊಗಳಿದ್ದಕ್ಕಿಂತ ಹೆಚ್ಚಾಗಿ ಅದಕ್ಕೆ ಅಂಜಿವೆ.

ಲೂಪೆ ಎಂಬುದು ಮೊದಲಿಗೆ ಧಾರ್ಮಿಕ ಪದವಾಗಿರಲಿಲ್ಲ. ಅದು ದೇಹದ ನೋವನ್ನೂ ಮನಸ್ಸಿನ ನೋವನ್ನೂ ಸಮಾನವಾಗಿ ಹೇಳುವ ಪದವಾಗಿತ್ತು. ಪ್ಲೇಟೊ ತನ್ನ 'ಫಿಲೀಬಸ್' ಸಂವಾದದಲ್ಲಿ ಸುಖ ಮತ್ತು ಲೂಪೆಗಳನ್ನು ಜೋಡಿಯಾಗಿ ಇರಿಸಿ ವಿಚಾರ ಮಾಡಿದ್ದಾನೆ. ಅರಿಸ್ಟಾಟಲನು ತನ್ನ ವಾಗ್ಮಿತಾಶಾಸ್ತ್ರದಲ್ಲಿ ಭಯವನ್ನೂ ಅಸೂಯೆಯನ್ನೂ ಲೂಪೆಯ ಪ್ರಭೇದಗಳೆಂಬಂತೆ ವಿವರಿಸುತ್ತಾನೆ. ಮುಂದೆ ಬಂದ ಸ್ಟೋಯಿಕ್ ದಾರ್ಶನಿಕರು ಇದಕ್ಕೆ ಕಠಿಣವಾದ ಸ್ಥಾನವನ್ನು ನಿಗದಿಪಡಿಸಿದರು. ಅವರ ಮತದಲ್ಲಿ ಮನಸ್ಸಿನ ವಿಕಾರಗಳು ಮುಖ್ಯವಾಗಿ ನಾಲ್ಕು: ಆಸೆ, ಭಯ, ಭೋಗಸುಖ ಮತ್ತು ಲೂಪೆ. ವಿವೇಕವನ್ನು ಮೀರಿ ಚಿತ್ತವು ಕುಗ್ಗಿ ಮುದುಡುವುದೇ ಲೂಪೆ ಎಂಬುದು ಅವರ ಲಕ್ಷಣವಾಕ್ಯದ ತಾತ್ಪರ್ಯ. ಮೊದಲ ಮೂರು ವಿಕಾರಗಳಿಗೆ ಪ್ರತಿಯಾಗಿ ಜ್ಞಾನಿಯಲ್ಲಿ ಮೂರು ಶುದ್ಧ ಭಾವಗಳಿರುತ್ತವೆಂದು ಅವರು ಒಪ್ಪಿದರು: ಆಸೆಯ ಸ್ಥಾನದಲ್ಲಿ ಸದಿಚ್ಛೆ, ಭಯದ ಸ್ಥಾನದಲ್ಲಿ ಎಚ್ಚರ, ಭೋಗಸುಖದ ಸ್ಥಾನದಲ್ಲಿ ನಿರ್ಮಲ ಆನಂದ. ಆದರೆ ಲೂಪೆಗೆ ಮಾತ್ರ ಅಂತಹ ಶುದ್ಧರೂಪವನ್ನು ಅವರು ಒಪ್ಪಲಿಲ್ಲ. ಜ್ಞಾನಿಗೆ ದುಃಖವೇ ಇಲ್ಲ. ಇದ್ದರೆ ಅವನು ಜ್ಞಾನಿಯಲ್ಲ.

ಈ ಸಿದ್ಧಾಂತದಲ್ಲಿರುವ ಬಿರುಕನ್ನು ರೋಮಿನ ಸಿಸೆರೊ ಕ್ರಿಸ್ತಪೂರ್ವ 45ರಲ್ಲಿಯೇ ಗುರುತಿಸಿದನು. ಮಗಳನ್ನು ಕಳೆದುಕೊಂಡ ವರ್ಷದಲ್ಲಿ ಅವನು ರಚಿಸಿದ 'ಟಸ್ಕ್ಯುಲನ್ ಸಂವಾದಗಳು' ಎಂಬ ಗ್ರಂಥದಲ್ಲಿ ಆಲ್ಸಿಬಯಡೀಸನ ಪ್ರಸಂಗವೊಂದಿದೆ. ಕುಲ, ರೂಪ, ಸಂಪತ್ತುಗಳಿಂದ ಬೀಗುತ್ತಿದ್ದ ಆ ತರುಣನು ಸಾಕ್ರೆಟಿಸನ ಮಾತುಗಳಿಂದ ತನ್ನ ಅಂತರಂಗದ ಹೀನತೆಯನ್ನು ಕಂಡುಕೊಂಡು, ತನಗೆ ಸದ್ಗುಣವನ್ನು ಕಲಿಸಬೇಕೆಂದು ಕಣ್ಣೀರಿಟ್ಟು ಬೇಡಿಕೊಂಡನಂತೆ. ದುಃಖಕ್ಕೆ ಕಾರಣವಾದದ್ದು ನಿಜವಾದ ಕೆಡುಕಲ್ಲವೆಂದು ತಿಳಿಸಿದರೆ ದುಃಖ ಹೋಗುತ್ತದೆಂಬುದು ಸ್ಟೋಯಿಕ್ ಚಿಕಿತ್ಸೆ. ಆದರೆ ಆಲ್ಸಿಬಯಡೀಸನು ಅತ್ತದ್ದು ಹಣ ಹೋಯಿತೆಂದಲ್ಲ, ಬಂಧು ಸತ್ತನೆಂದಲ್ಲ. ತನ್ನ ದೋಷಕ್ಕಾಗಿ ಅವನು ಅತ್ತನು. ಸ್ವಂತ ದೋಷವು ನಿಜವಾದ ಕೆಡುಕೆಂಬುದನ್ನು ಸ್ಟೋಯಿಕರೂ ಒಪ್ಪಲೇಬೇಕು. ಹಾಗಾದರೆ ಈ ಕಣ್ಣೀರನ್ನು ಒರೆಸುವ ಔಷಧವಾವುದು? ಒರೆಸುವುದು ಯೋಗ್ಯವೇ? ಲೂಪೆಗೂ ಒಂದು ಶುದ್ಧರೂಪವಿರಬಹುದೆಂಬ ಸಂದೇಹಕ್ಕೆ ಇಲ್ಲಿ ಎಡೆಯಾಯಿತು.

ಇದಕ್ಕಿಂತ ಮೊದಲೇ ಈ ಪದವು ಯೆಹೂದ್ಯರ ಧರ್ಮಗ್ರಂಥಗಳನ್ನು ಪ್ರವೇಶಿಸಿತ್ತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಿರುಗಿಸುವ ಕಾರ್ಯ ಆರಂಭವಾಯಿತು. ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಆದಿದಂಪತಿಗಳು ಅಪ್ಪಣೆಯನ್ನು ಮೀರಿದ ಮೇಲೆ ಸ್ತ್ರೀಯ ಪಾಲಿಗೆ ಬಂದ ಪ್ರಸವದ ವೇದನೆಯನ್ನೂ ಪುರುಷನ ಪಾಲಿಗೆ ಬಂದ ಉಳುಮೆಯ ಬವಣೆಯನ್ನೂ ಅನುವಾದಕರು ಲೂಪೆ ಎಂಬ ಒಂದೇ ಪದದಿಂದ ಸೂಚಿಸಿದರು. ಮೂಲದ ಹೀಬ್ರೂ ಶಬ್ದದಲ್ಲಿ ಶ್ರಮದ ಅರ್ಥವೇ ಮುಂದಾಗಿದ್ದರೆ ಗ್ರೀಕಿನಲ್ಲಿ ಶೋಕದ ಛಾಯೆ ಮುಂದೆ ಬಂದಿತು. ಅನುವಾದದಲ್ಲಿ ಆದ ಈ ಸಣ್ಣ ಪಲ್ಲಟದಿಂದ ಲೂಪೆಯು ಮನುಷ್ಯನ ಸಂಸಾರಸ್ಥಿತಿಗೇ ಹೆಸರಾಯಿತು. ಅದೇ ಸಂಗ್ರಹದಲ್ಲಿ ಸೇರಿರುವ ಸಿರಾಕನ ನೀತಿಗ್ರಂಥವು ಇನ್ನೂ ವ್ಯಾವಹಾರಿಕವಾದುದು. ಸತ್ತವರಿಗಾಗಿ ಯೋಗ್ಯವಾದ ರೀತಿಯಲ್ಲಿ ಅಳಬೇಕು, ಒಂದೆರಡು ದಿನಗಳಾದ ಮೇಲೆ ಸಮಾಧಾನ ತಂದುಕೊಳ್ಳಬೇಕು, ಏಕೆಂದರೆ ಲೂಪೆಯು ಅನೇಕರನ್ನು ಕೊಂದಿದೆ, ಅದರಿಂದ ಸತ್ತವನಿಗೂ ಲಾಭವಿಲ್ಲ ಎಂಬುದು ಅದರ ಬೋಧೆ. ಮರಣಶೋಕವನ್ನು ಅದು ನಿಷೇಧಿಸುವುದಿಲ್ಲ; ಅದಕ್ಕೊಂದು ಮೇರೆಯನ್ನು ಹಾಕುತ್ತದೆ.

ಪದದ ಅರ್ಥವನ್ನು ಸ್ಪಷ್ಟವಾಗಿ ಎರಡಾಗಿ ಸೀಳಿದವನು ಪೌಲ. ಕ್ರಿಸ್ತಶಕ ಮೊದಲ ಶತಮಾನದ ಐವತ್ತರ ದಶಕದಲ್ಲಿ ಕೊರಿಂಥ ಪಟ್ಟಣದ ಸಭೆಗೆ ಅವನು ಬರೆದ ಎರಡನೆಯ ಪತ್ರದ ಏಳನೆಯ ಅಧ್ಯಾಯದಲ್ಲಿ ಈ ವಿಭಾಗವಿದೆ. ದೇವರ ಕಡೆಗೆ ಮುಖಮಾಡಿದ ಲೂಪೆ ಒಂದು, ಲೋಕದ ಲೂಪೆ ಇನ್ನೊಂದು. ಮೊದಲನೆಯದು ಮನಃಪರಿವರ್ತನೆಯನ್ನು ಹುಟ್ಟಿಸುತ್ತದೆ, ಎರಡನೆಯದು ಮರಣವನ್ನು ಹುಟ್ಟಿಸುತ್ತದೆ. ಇಲ್ಲಿ ಗಮನಿಸಬೇಕಾದುದು ಅಳತೆಗೋಲು. ಎಷ್ಟು ಗಾಢವಾಗಿ ದುಃಖಿಸಿದೆ ಎಂದು ಪೌಲನು ಕೇಳುವುದಿಲ್ಲ. ಆ ದುಃಖದಿಂದ ಏನು ಹುಟ್ಟಿತು ಎಂದು ಕೇಳುತ್ತಾನೆ. ಕೊರಿಂಥದವರಲ್ಲಿ ಹುಟ್ಟಿದ ಶ್ರದ್ಧೆ, ತಪ್ಪನ್ನು ಸರಿಪಡಿಸುವ ತವಕ ಮೊದಲಾದ ಫಲಗಳನ್ನು ಅವನು ಒಂದೊಂದಾಗಿ ಎಣಿಸುತ್ತಾನೆ. ಮನಃಪರಿವರ್ತನೆಗೆ ಅವನು ಬಳಸಿದ 'ಮೆಟಾನೊಯಾ' ಎಂಬ ಪದದಲ್ಲಿ ಕಣ್ಣೀರಿನ ಸುಳಿವೇ ಇಲ್ಲ. ಬುದ್ಧಿಯು ತಿರುಗಿ ನಿಲ್ಲುವುದು ಅದರ ಅರ್ಥ.

ಸುವಾರ್ತೆಗಳ ಕಥೆಗಳನ್ನು ಈ ಅಳತೆಗೋಲಿನಿಂದ ನೋಡಿದರೆ ಅವುಗಳ ಅರ್ಥ ನಿಚ್ಚಳವಾಗುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಧನಿಕನಾದ ಒಬ್ಬ ಯುವಕನು ಬರುತ್ತಾನೆ. ಆಸ್ತಿಯನ್ನು ಮಾರಿ ಬಡವರಿಗೆ ಹಂಚುವಂತೆ ಯೇಸುವು ಹೇಳಿದಾಗ ಅವನು ಲೂಪೆಯಿಂದ ಕೂಡಿದವನಾಗಿ ಹೊರಟುಹೋಗುತ್ತಾನೆ. ಅವನಿಗೆ ಬಹಳ ಆಸ್ತಿಯಿತ್ತೆಂಬುದೇ ಕಾರಣವೆಂದು ಕಥೆ ತಿಳಿಸುತ್ತದೆ. ಪರಿಗ್ರಹವೇ ಶೋಕದ ಬೇರು ಎಂಬುದಕ್ಕೆ ಇದಕ್ಕಿಂತ ಸಂಕ್ಷಿಪ್ತವಾದ ದೃಷ್ಟಾಂತ ಬೇಕಿಲ್ಲ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ಇಬ್ಬರು ಶಿಷ್ಯರು ಒಂದೇ ರಾತ್ರಿಯಲ್ಲಿ ಗುರುದ್ರೋಹ ಮಾಡುತ್ತಾರೆ. ಯೂದನು ಗುರುವನ್ನು ಹಿಡಿದುಕೊಟ್ಟನು. ಪೇತ್ರನು ಆತನನ್ನು ಅರಿಯೆನೆಂದು ಮೂರು ಬಾರಿ ಹೇಳಿದನು. ಇಬ್ಬರೂ ನೊಂದರು. ಪೇತ್ರನು ಬಹಳವಾಗಿ ಅತ್ತು, ಮತ್ತೆ ಶಿಷ್ಯಮಂಡಲಿಯಲ್ಲಿಯೇ ಉಳಿದನು. ಯೂದನು ಪಡೆದ ಹಣವನ್ನು ಹಿಂದಿರುಗಿಸಿ, ತಾನು ಪಾಪಮಾಡಿದೆನೆಂದು ಒಪ್ಪಿಕೊಂಡು, ನೇಣು ಹಾಕಿಕೊಂಡನು. ಯೂದನ ದುಃಖವು ಪೇತ್ರನದಕ್ಕಿಂತ ಕಡಿಮೆಯದೆಂದು ಯಾರೂ ಹೇಳಲಾರರು. ಅವನು ಒಪ್ಪಿಕೊಂಡಾಗ ಎದುರಿಗಿದ್ದ ಪುರೋಹಿತರು, ಅದು ತಮಗೆ ಸಂಬಂಧಿಸಿದ್ದಲ್ಲ, ಅದನ್ನು ಅವನೇ ನೋಡಿಕೊಳ್ಳಲಿ ಎಂದು ಕೈಬಿಟ್ಟರೆಂಬ ವಿವರವನ್ನು ಓದುಗರು ಸಾಮಾನ್ಯವಾಗಿ ಲಕ್ಷಿಸುವುದಿಲ್ಲ. ತಪ್ಪನ್ನು ಒಪ್ಪಿಕೊಂಡವನನ್ನು ಧರ್ಮಾಧಿಕಾರಿಗಳು ಅವನ ಶೋಕದೊಂದಿಗೆ ಒಂಟಿಯಾಗಿ ಬಿಟ್ಟರೆ ಆಗುವುದೇನೆಂಬುದನ್ನು ಆ ಕಥೆ ತೋರಿಸುತ್ತದೆ.

ಎರಡನೆಯ ಶತಮಾನದ ರೋಮಿನಲ್ಲಿ ರಚಿತವಾದ 'ಹರ್ಮಾಸನ ಕುರುಬ' ಎಂಬ ಗ್ರಂಥವು ಇಂದು ಬೈಬಲ್ಲಿನ ಭಾಗವಲ್ಲ. ಆದರೆ ನಾಲ್ಕನೆಯ ಶತಮಾನದ ಪ್ರಸಿದ್ಧ ಸಿನಾಯ್ ಹಸ್ತಪ್ರತಿಯಲ್ಲಿ ಅದನ್ನು ಧರ್ಮಗ್ರಂಥಗಳ ಜೊತೆಗೇ ಬರೆದಿರಿಸಲಾಗಿತ್ತು. ಅದರ ಹತ್ತನೆಯ ಆಜ್ಞೆಯು ಪೂರ್ತಿಯಾಗಿ ಲೂಪೆಯನ್ನು ಕುರಿತದ್ದು. ಸಂಶಯ ಮತ್ತು ಮುಂಗೋಪಗಳಿಗೆ ಲೂಪೆಯು ಸೋದರಿಯೆಂದೂ, ಎಲ್ಲ ದುಷ್ಟ ಭಾವಗಳಲ್ಲಿ ಅದು ಅತಿ ಕೆಟ್ಟದ್ದೆಂದೂ, ಮನುಷ್ಯನಲ್ಲಿ ನೆಲೆಸಿದ ಪವಿತ್ರಾತ್ಮವನ್ನು ಅದು ನವೆಯಿಸಿ ಹೊರಗಟ್ಟುವುದೆಂದೂ ಅಲ್ಲಿ ಹೇಳಿದೆ. ಆದರೂ ಅದೇ ಲೂಪೆಯು ಕಾಪಾಡುವುದೂ ಉಂಟೆಂದು ಒಪ್ಪಿದೆ; ಕೋಪದಲ್ಲಿ ಕೆಟ್ಟದ್ದನ್ನು ಮಾಡಿದವನು ಬಳಿಕ ಮರುಗಿ ತಿದ್ದಿಕೊಳ್ಳುವುದುಂಟಷ್ಟೆ. ಹೀಗಿದ್ದರೂ ಗ್ರಂಥದ ಕೊನೆಯ ಉಪದೇಶವು ಲೂಪೆಯನ್ನು ಕಳಚಿ ಪ್ರಸನ್ನತೆಯನ್ನು ಧರಿಸಬೇಕೆಂಬುದೇ. ದುಃಖದಿಂದ ಕದಡಿದವನ ಪ್ರಾರ್ಥನೆಯು ದ್ರಾಕ್ಷಾರಸಕ್ಕೆ ಹುಳಿ ಬೆರೆತಂತೆ, ಮೇಲೇರುವ ಶಕ್ತಿ ಅದಕ್ಕಿಲ್ಲ ಎಂಬ ಉಪಮೆಯೂ ಅಲ್ಲಿದೆ. ಹರ್ಮಾಸನ ವಿವೇಚನೆ ಪೌಲನದರಷ್ಟು ತಿಳಿಯಾದುದಲ್ಲ. ಒಂದೇ ಪದವನ್ನು ಹಳಿದು, ಮರುಕ್ಷಣವೇ ಅದಕ್ಕೆ ವಿನಾಯಿತಿ ಕೊಡುವ ತೊಡಕು ಅದರಲ್ಲಿದೆ. ಆದರೆ ಸಾಮಾನ್ಯ ಗೃಹಸ್ಥನ ಅನುಭವಕ್ಕೆ ಅದು ಹತ್ತಿರವಾಗಿದೆ. ಮರುಕದ ಅವಶ್ಯಕತೆಯನ್ನೂ ಅದರಲ್ಲಿಯೇ ನೆಲೆಸಿಬಿಡುವ ಅಪಾಯವನ್ನೂ ಅದು ಒಟ್ಟಿಗೆ ಕಂಡಿದೆ.

ಲೂಪೆಯ ಹುಟ್ಟನ್ನು ಸೂಕ್ಷ್ಮವಾಗಿ ಶೋಧಿಸಿದವನು ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ವಿಯಾಗಿದ್ದು 399ರಲ್ಲಿ ತೀರಿಕೊಂಡ ಇವಾಗ್ರಿಯಸ್. ಸಾಧಕನನ್ನು ಕಾಡುವ ಎಂಟು ದುಶ್ಚಿಂತೆಗಳನ್ನು ಅವನು ಪಟ್ಟಿಮಾಡಿದನು: ಹೊಟ್ಟೆಬಾಕತನ, ಕಾಮ, ಧನಲೋಭ, ಲೂಪೆ, ಕ್ರೋಧ, ಜಡತೆ, ಕೀರ್ತಿಯಾಸೆ ಮತ್ತು ಅಹಂಕಾರ. ಲೂಪೆಯು ಕೆಲವೊಮ್ಮೆ ಬಯಕೆಗಳು ಈಡೇರದಿದ್ದಾಗ, ಕೆಲವೊಮ್ಮೆ ಕ್ರೋಧದ ಬೆನ್ನಿಗೆ ಬರುತ್ತದೆಂದು ಅವನ ನಿರ್ಣಯ. ಮೊದಲು ಮನೆಯ, ತಂದೆತಾಯಿಗಳ, ಹಿಂದಿನ ಬಾಳಿನ ನೆನಪು ಬರುತ್ತದೆ. ಚಿತ್ತವು ಅದನ್ನು ತಡೆಯದೆ ಬೆಂಬತ್ತಿ ಮನಸ್ಸಿನಲ್ಲೇ ಆ ಸುಖಗಳನ್ನು ಸವಿಯುತ್ತದೆ. ಆಗ, ಅವು ಈಗ ಇಲ್ಲ, ಇನ್ನು ಬರಲಾರವು ಎಂಬ ಅರಿವು ಎದ್ದು ಅದನ್ನು ಶೋಕದಲ್ಲಿ ಮುಳುಗಿಸುತ್ತದೆ. ಸವಿಯುವಾಗ ಎಷ್ಟು ಅರಳಿತ್ತೋ ಈಗ ಅಷ್ಟೇ ಕುಸಿಯುತ್ತದೆ. ಇವಾಗ್ರಿಯಸನ ದೃಷ್ಟಿಯಲ್ಲಿ ಲೂಪೆಯು ರಾಗದ ವಿರೋಧಿಯಲ್ಲ, ರಾಗದ ನೆರಳು.

ಈ ವಿಚಾರಗಳನ್ನು ಲ್ಯಾಟಿನ್ ಭಾಷೆಗೆ ಒಯ್ದ ಕ್ಯಾಸಿಯನ್ ಎರಡು ಶೋಕಗಳ ಗುರುತುಗಳನ್ನು ಹೇಳಿದ್ದಾನೆ. ಹಿತವಾದ ಶೋಕವು ವಿನಯವುಳ್ಳದ್ದು, ಮೃದುವಾದದ್ದು, ಸಹನೆಯುಳ್ಳದ್ದು. ಕೆಟ್ಟ ಶೋಕವು ಒರಟಾದದ್ದು, ಹಗೆ ತುಂಬಿದ್ದು, ಫಲವಿಲ್ಲದ್ದು. ಆದರೆ ಆರನೆಯ ಶತಮಾನದ ಕೊನೆಯಲ್ಲಿ ಮಹಾ ಗ್ರೆಗರಿಯು ಪಟ್ಟಿಯನ್ನು ಪುನಾರಚಿಸಿ ಜಡತೆಯನ್ನು ಶೋಕದೊಳಗೆ ಸೇರಿಸಿದನು. ಮುಂದಿನ ಶತಮಾನಗಳಲ್ಲಿ ಅದು ತಿರುಗುಮುರುಗಾಗಿ ಶೋಕದ ಹೆಸರು ಬಿಟ್ಟುಹೋಗಿ ಜಡತೆಯ ಹೆಸರು ಉಳಿಯಿತು. ಇಂದು 'ಏಳು ಮಹಾಪಾಪಗಳು' ಎಂದು ಎಣಿಸುವಲ್ಲಿ ಸೋಮಾರಿತನವಿದೆ, ಶೋಕವಿಲ್ಲ. ಇದು ನಷ್ಟವೆಂದೇ ಹೇಳಬೇಕು. ಶೋಕವೂ ದೋಷವಾಗಬಹುದೆಂಬ ಎಚ್ಚರಿಕೆಯು ಜನಸಾಮಾನ್ಯರ ಪಟ್ಟಿಯಿಂದ ಹೊರಬಿದ್ದ ಮೇಲೆ, ಶೋಕವೆಲ್ಲ ಪುಣ್ಯವೆಂಬ ಭ್ರಮೆಗೆ ದಾರಿ ಸುಲಭವಾಯಿತು.

ಆ ಭ್ರಮೆಗೆ ಇನ್ನೊಂದು ಕಾರಣ 'ಪೆಂಥೊಸ್' ಎಂಬ ಮತ್ತೊಂದು ಗ್ರೀಕ್ ಪದ. ಸತ್ತವರಿಗಾಗಿ ಆಚರಿಸುವ ಶೋಕಕ್ಕೆ ಸಲ್ಲುತ್ತಿದ್ದ ಈ ಪದವನ್ನು ಪೌರಸ್ತ್ಯ ಕ್ರೈಸ್ತ ತಪಸ್ವಿಗಳು ಕಳೆದುಹೋದ ಆತ್ಮಶುದ್ಧಿಗಾಗಿ ಮರುಗುವ ಸಾಧನೆಗೆ ಹೆಸರಾಗಿಸಿದರು. ಏಳನೆಯ ಶತಮಾನದಲ್ಲಿ ಸಿನಾಯ್ ಬೆಟ್ಟದ ಯೋಹಾನ ಕ್ಲೈಮಾಕಸನು ತನ್ನ 'ಸೋಪಾನ' ಗ್ರಂಥದ ಏಳನೆಯ ಮೆಟ್ಟಿಲನ್ನು ಅದಕ್ಕೆ ಮೀಸಲಿಟ್ಟು, ಅದನ್ನು ಆನಂದವನ್ನು ಹಡೆಯುವ ಶೋಕವೆಂದು ವರ್ಣಿಸಿದನು. ತಪಸ್ವಿಗಳು ಕೊಂಡಾಡಿದ್ದು ಪೆಂಥೊಸನ್ನು. ಇವಾಗ್ರಿಯಸನು ದುಶ್ಚಿಂತೆಗಳ ಸಾಲಿಗೆ ಸೇರಿಸಿದ್ದು ಲೂಪೆಯನ್ನು. ಎರಡನ್ನೂ 'ದುಃಖ' ಎಂಬ ಒಂದೇ ಪದದಿಂದ ಅನುವಾದಿಸಿದಾಗ ಹೊಗಳಿಕೆಯು ಯಾವುದಕ್ಕೆ, ಎಚ್ಚರಿಕೆಯು ಯಾವುದಕ್ಕೆ ಎಂಬುದು ಓದುಗನಿಗೆ ತಿಳಿಯದೆ ಹೋಗುತ್ತದೆ.

ಜೈನಶಾಸ್ತ್ರದ ಪರಿಚಯವುಳ್ಳವರಿಗೆ ಈ ವಿವೇಚನೆಯ ಬಹುಭಾಗವು ಅಪರಿಚಿತವೆನಿಸದು. ಶೋಕವು ಒಂಬತ್ತು ನೋಕಷಾಯಗಳಲ್ಲಿ ಒಂದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನವನ್ನು ಅನಿಷ್ಟಸಂಯೋಗ, ಇಷ್ಟವಿಯೋಗ, ವೇದನೆ, ನಿದಾನ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಇವಾಗ್ರಿಯಸನು ವರ್ಣಿಸಿದ ಲೂಪೆಯು ಬಹುಮಟ್ಟಿಗೆ ಇಷ್ಟವಿಯೋಗದ ಆರ್ತಧ್ಯಾನವೇ. ಅದೇ ಸೂತ್ರಗ್ರಂಥದ ಆರನೆಯ ಅಧ್ಯಾಯವು ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವುಗಳನ್ನು ತನ್ನಲ್ಲಿ, ಪರರಲ್ಲಿ ಅಥವಾ ಇಬ್ಬರಲ್ಲಿಯೂ ಉಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆನ್ನುತ್ತದೆ. ಹಾಗಾದರೆ ಉಪವಾಸ, ಕೇಶಲೋಚಗಳಿಂದಾಗುವ ನೋವೂ ಅಸಾತೆಗೆ ಕಾರಣವಲ್ಲವೇ ಎಂಬ ಆಕ್ಷೇಪವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಂಡು, ಸಂಯಮಿಯ ಹುಣ್ಣನ್ನು ಕರುಣೆಯಿಂದ ಕೊಯ್ಯುವ ವೈದ್ಯನ ದೃಷ್ಟಾಂತದಿಂದ ಪರಿಹರಿಸುತ್ತಾರೆ. ನೋವು ಉಂಟಾದರೂ ಅಲ್ಲಿ ಕ್ರೋಧಾದಿ ಪರಿಣಾಮಗಳಿಲ್ಲ. ತನ್ನ ಕಟುವಾದ ಪತ್ರದಿಂದ ಕೊರಿಂಥದವರಿಗೆ ಲೂಪೆಯುಂಟಾದುದನ್ನು ಒಪ್ಪಿಕೊಂಡು, ಅದರಿಂದ ಅವರಿಗೆ ಹಾನಿಯಾಗಲಿಲ್ಲವೆಂದು ಪೌಲನು ಹೇಳುವ ಮಾತು ಈ ವೈದ್ಯನ ಮಾತಿನ ಧಾಟಿಯದೇ.

ಆದರೂ ಎರಡು ದರ್ಶನಗಳನ್ನು ಒಂದೆಂದು ಬೆರೆಸುವುದು ಸಲ್ಲದು. ಪೌಲನ ಒಳ್ಳೆಯ ಶೋಕವು ಕ್ಷಮಿಸಬಲ್ಲ ದೇವರೊಬ್ಬನ ಎದುರಿನಲ್ಲಿ ನಿಂತಿದೆ. ಜೈನನ ಎದುರಿನಲ್ಲಿ ಅಂತಹ ಕ್ಷಮಾದಾತನಿಲ್ಲ; ಇರುವುದು ತಾನು ಕಟ್ಟಿಕೊಂಡ ಕರ್ಮ ಮತ್ತು ಅದನ್ನು ಕಳಚುವ ತನ್ನದೇ ಪುರುಷಾರ್ಥ. ಆದ್ದರಿಂದ ಜೈನಶಾಸ್ತ್ರವು ಶೋಕಕ್ಕೆ ಶುದ್ಧರೂಪವೊಂದನ್ನು ಕಲ್ಪಿಸುವ ಬದಲು ಆ ಕಾರ್ಯಕ್ಕೆ ಬೇರೆಯೇ ಹೆಸರುಗಳನ್ನಿಟ್ಟಿತು: ಆತ್ಮನಿಂದೆ, ಗರ್ಹೆ, ಆಲೋಚನೆ, ಪ್ರತಿಕ್ರಮಣ, ಸಂವೇಗ. ಒಂದೇ ಪದವನ್ನು ಇಬ್ಭಾಗ ಮಾಡಿದ ಗ್ರೀಕರ ದಾರಿಗಿಂತ ಪದಗಳನ್ನೇ ಬೇರೆ ಮಾಡಿದ ಈ ದಾರಿ ಹೆಚ್ಚು ಸುರಕ್ಷಿತವಾದುದು. ಪ್ರತಿಕ್ರಮಣವು ಕಾಲಬದ್ಧವಾದ ಕ್ರಿಯೆ; ಅದಕ್ಕೆ ಆದಿಯೂ ಉಂಟು, ಅಂತ್ಯವೂ ಉಂಟು. ಶೋಕಕ್ಕೆ ಅಂತ್ಯವಿಲ್ಲ. ಪ್ರತಿಕ್ರಮಣ ಮಾಡಿದ ಮೇಲೂ ಶೋಕಿಸುತ್ತಲೇ ಕುಳಿತವನು ಪಶ್ಚಾತ್ತಾಪವನ್ನು ಬೆಳೆಸುತ್ತಿಲ್ಲ, ನೋಕಷಾಯವನ್ನು ಬೆಳೆಸುತ್ತಿದ್ದಾನೆ.

ಗ್ರೀಕ್ ಪದದ ಈ ಚರಿತ್ರೆಯಲ್ಲಿ ಜೈನ ಸಮಾಜವು ವಿಶೇಷವಾಗಿ ಮನನ ಮಾಡಬೇಕಾದ ಪ್ರಸಂಗ ಒಂದುಂಟು. ಅದು ಕೊರಿಂಥದ ಅದೇ ಪತ್ರದ ಎರಡನೆಯ ಅಧ್ಯಾಯದಲ್ಲಿದೆ. ಸಭೆಯ ಒಬ್ಬ ಸದಸ್ಯನು ತಪ್ಪು ಮಾಡಿದ್ದಾನೆ; ಅವನ ಹೆಸರನ್ನಾಗಲಿ ತಪ್ಪನ್ನಾಗಲಿ ಪತ್ರವು ಹೇಳುವುದಿಲ್ಲ. ಬಹುಸಂಖ್ಯಾತರು ಅವನಿಗೆ ಶಿಕ್ಷೆ ವಿಧಿಸಿದ್ದಾರೆ. ಪೌಲನು ಆ ಶಿಕ್ಷೆಯನ್ನು ಅನ್ಯಾಯವೆನ್ನುವುದಿಲ್ಲ, ಅಷ್ಟು ಸಾಕೆನ್ನುತ್ತಾನೆ. ಇನ್ನು ಮುಂದೆ ಅವನನ್ನು ಕ್ಷಮಿಸಿ ಸಂತೈಸಬೇಕು, ಅವನ ಮೇಲಿನ ಪ್ರೀತಿಯನ್ನು ಬಹಿರಂಗವಾಗಿ ದೃಢಪಡಿಸಬೇಕು, ಇಲ್ಲದಿದ್ದರೆ ಮಿತಿಮೀರಿದ ಲೂಪೆಯು ಅವನನ್ನು ನುಂಗಿಬಿಟ್ಟೀತು ಎಂದು ಕೇಳಿಕೊಳ್ಳುತ್ತಾನೆ. ತಪ್ಪಿತಸ್ಥನ ಶೋಕವು ಅವನೊಬ್ಬನ ವಿಷಯವಲ್ಲ, ಅದು ಸಭೆಯ ಹೊಣೆಯೂ ಹೌದೆಂಬುದು ಇದರ ತಿರುಳು. ಯೂದನನ್ನು ಕೈಬಿಟ್ಟ ಪುರೋಹಿತರಿಗೆ ಇಲ್ಲದಿದ್ದ ಅರಿವು ಇದು.

ಈ ಅರಿವು ಜೈನಶಾಸ್ತ್ರಕ್ಕೆ ಹೊರಗಿನದಲ್ಲ. ಮುನಿಗಳಿಗೆ ವಿಧಿಸಿದ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳ ಕ್ರಮವನ್ನು ನೋಡಬೇಕು. ಆಲೋಚನೆಯಿಂದ ಮೊದಲಾಗಿ ಕಾಠಿಣ್ಯವು ಏರುತ್ತ ಹೋಗಿ ಎಂಟನೆಯದು ಪರಿಹಾರ, ಅಂದರೆ ನಿಯಮಿತ ಕಾಲದವರೆಗೆ ಸಂಘದಿಂದ ದೂರವಿರಿಸುವುದು. ಆದರೆ ಪಟ್ಟಿಯು ಅಲ್ಲಿಗೆ ಮುಗಿಯುವುದಿಲ್ಲ. ಒಂಬತ್ತನೆಯದು ಉಪಸ್ಥಾಪನೆ, ದೀಕ್ಷೆಯನ್ನು ಮರಳಿ ಕೊಟ್ಟು ನೆಲೆಗೊಳಿಸುವುದು. ಶಿಕ್ಷೆಯ ಕೊನೆಯ ಮಾತು ಬಹಿಷ್ಕಾರವಲ್ಲ, ಪುನಃಸ್ಥಾಪನೆ. ಶ್ರಾವಕರಿಗಾದರೆ ಸಮಂತಭದ್ರಾಚಾರ್ಯರ ರತ್ನಕರಂಡಕವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತೀಕರಣ, ವಾತ್ಸಲ್ಯಗಳನ್ನು ಸಾಲಾಗಿ ಇರಿಸಿದೆ. ದೋಷವನ್ನು ಹರಾಜಿಗಿಡದಿರುವುದು ಮೊದಲನೆಯದು, ಜಾರಿದವನನ್ನು ಹಿಡಿದು ನಿಲ್ಲಿಸುವುದು ಎರಡನೆಯದು, ಅವನನ್ನು ತನ್ನವನೆಂದು ಪ್ರೀತಿಸುವುದು ಮೂರನೆಯದು. ಸ್ಥಿತೀಕರಣಕ್ಕೆ ಆದರ್ಶನಾದ ವಾರಿಷೇಣನು ಮುನಿದೀಕ್ಷೆಯಲ್ಲಿ ಅಳ್ಳಕನಾಗಿದ್ದ ಗೆಳೆಯನನ್ನು ಹೀಯಾಳಿಸದೆ, ಹೊರಗಟ್ಟದೆ, ವೈರಾಗ್ಯದಲ್ಲಿ ನೆಲೆಗೊಳಿಸಿದ ಕಥೆ ಮನೆಮನೆಗೂ ತಿಳಿದದ್ದೇ.

ಆದರೆ ಆಚರಣೆಯಲ್ಲಿ ಕಾಣುವುದೇನು? ಬಸದಿಯ ಹಣದ ಲೆಕ್ಕದಲ್ಲಿ ತಪ್ಪಿದವನು, ಕುಲದ ಕಟ್ಟಳೆಯನ್ನು ಮೀರಿ ಮದುವೆಯಾದವರು, ವ್ಯಸನಕ್ಕೆ ಸಿಕ್ಕಿ ಹಿಂದಿರುಗಿ ಬಂದವನು, ಇವರು ಒಂದು ದಿನ ತಲೆತಗ್ಗಿಸಿ ಪೂಜೆಗೆ ಬಂದಾಗ ಹಿಂದಿನ ಸಾಲಿನಲ್ಲಿ ಪಿಸುಮಾತು ಏಳುತ್ತದೆ. ದಂಡವನ್ನು ನಿರ್ಣಯಿಸುವಾಗ ಸಭೆ ಸೇರುತ್ತದೆ. ದಂಡ ಮುಗಿಯಿತೆಂದು ಸಾರಲು ಯಾರೂ ಸಭೆ ಕರೆಯುವುದಿಲ್ಲ. ತಪ್ಪಿತಸ್ಥನು ಇನ್ನೂ ಸಾಲದಷ್ಟು ನೊಂದಿದ್ದಾನೆಯೇ ಎಂದು ಅವನ ಮುಖವನ್ನು ಅಳೆಯುವ ಕಣ್ಣುಗಳು ಹಲವು. ಅವನು ಏನನ್ನು ತಿದ್ದಿಕೊಂಡಿದ್ದಾನೆಂದು ನೋಡುವ ಕಣ್ಣುಗಳು ಕೆಲವೇ. ಹೀಗೆ ಪರರಲ್ಲಿ ಶೋಕವನ್ನು ಮುಂದುವರಿಸುವುದೂ ಅಸಾತೆಯ ಆಸ್ರವಕ್ಕೆ ಕಾರಣವೆಂದು ಸೂತ್ರಕಾರರು ಹೇಳಿರುವಾಗ, ಆ ಕರ್ಮದ ಪಾಲು ನೋಯುವವನಿಗೆ ಮಾತ್ರವಲ್ಲ, ನೋಯಿಸುವ ಸಮಾಜಕ್ಕೂ ಸಲ್ಲುತ್ತದೆ. ಹುಣ್ಣನ್ನು ಕೊಯ್ದ ವೈದ್ಯನು ಗಾಯವನ್ನು ಕಟ್ಟದೆ ಎದ್ದುಹೋದರೆ ಅವನ ಕರುಣೆಯ ಬಗ್ಗೆ ಸಂಶಯಪಡಬೇಕಾಗುತ್ತದೆ.

ಲೂಪೆಯ ದೀರ್ಘ ಚರಿತ್ರೆಯು ಎರಡು ಪ್ರಶ್ನೆಗಳನ್ನು ಉಳಿಸಿಕೊಡುತ್ತದೆ. ಒಂದು, ಶೋಕಿಸುವವನು ತನ್ನನ್ನು ಕೇಳಿಕೊಳ್ಳಬೇಕಾದದ್ದು: ಈ ಶೋಕದಿಂದ ನನ್ನ ನಡತೆಯಲ್ಲಿ ಏನು ಬದಲಾಯಿತು? ಇನ್ನೊಂದು, ಅವನ ಸುತ್ತಲಿನ ಕುಟುಂಬ, ಬಸದಿ, ಸಮಾಜಗಳು ಕೇಳಿಕೊಳ್ಳಬೇಕಾದದ್ದು: ಅವನು ಹಿಂದಿರುಗಲು ಬಾಗಿಲನ್ನು ತೆರೆದಿರಿಸಿದ್ದೇವೆಯೇ? ದಶಲಕ್ಷಣ ಪರ್ವದ ಕೊನೆಯಲ್ಲಿ ಪರಸ್ಪರ ಕ್ಷಮೆಯನ್ನು ಕೋರುವ ಪದ್ಧತಿ ಸಮಾಜದಲ್ಲಿ ಇಂದಿಗೂ ಜೀವಂತವಾಗಿದೆ. ಆ ದಿನ ಬಂಧುಮಿತ್ರರಲ್ಲಿ ಕ್ಷಮೆ ಕೋರುವುದು ಸುಲಭ. ವರ್ಷವಿಡೀ ಯಾರ ಮನೆಯ ಬಾಗಿಲಿಗೆ ಯಾರೂ ಹೋಗಿಲ್ಲವೋ ಆ ಮನೆಗೆ ಬಸದಿಯ ಹಿರಿಯರೇ ಮೊದಲು ಹೋಗಿ ಬಂದರೆ ಕ್ಷಮಾವಣಿಯು ಸಾರ್ಥಕವಾಗುತ್ತದೆ.